ಕರಿಕೋಟಿನೊಳಗಿನ ಅಳುಕು

ಸಿವಿಲ್ ಕೋರ್ಟಿನ ಹಾಲ್. ಕೇಸು ಕರೆದ ಕೂಡಲೇ, ಸನ್ನದು ಸಿಕ್ಕಿ ಮೂರು ತಿಂಗಳಾದ ಹುಡುಗಿಯೊಬ್ಬಳು ಎದ್ದು ನಿಂತಳು. ಸೀನಿಯರ್ ಇನ್ನೊಂದು ಹಾಲ್‌ನಲ್ಲಿದ್ದಾರೆ. 'ಪಾಸ್ ಓವರ್ ಕೇಳು, ಸಾಕು' ಎಂದಷ್ಟೇ ಹೇಳಿ ಹೋಗಿದ್ದಾರೆ. ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು ಕೇಳಿದಳು. ನ್ಯಾಯಾಧೀಶರು ಕಡತ ತಿರುವುತ್ತಾ, 'ಮಧ್ಯಂತರ ಅರ್ಜಿಗೆ ಆಕ್ಷೇಪಣೆ ಹಾಕಿದ್ದೀರೇನಮ್ಮಾ?' ಅಂದರು. ಅವಳ ಕೈಯಲ್ಲಿ ಫೈಲೇ ಇಲ್ಲ. ಬೆಂಚ್ ಕ್ಲರ್ಕ್ ಮುಖ ನೋಡಿದಳು, ಅವರು ಕಾಸ್ ಲಿಸ್ಟ್ ನೋಡುತ್ತಿದ್ದರು.

ಹಿಂದಿನ ಸಾಲಿಗೆ ಬಂದು ಕುಳಿತಾಗ ಅವಳ ಮನಸ್ಸು ಹೇಳಿದ್ದು 'ಈ ಕೇಸು ಯಾವ ಹಂತದಲ್ಲಿದೆಯೋ ನನಗೆ ಗೊತ್ತಿಲ್ಲ' ಎಂದಲ್ಲ. 'ಈ ಕೋಟು ಹಾಕಿಕೊಳ್ಳುವ ಯೋಗ್ಯತೆಯೇ ನನಗಿಲ್ಲ' ಎಂದು. ಮೊದಲನೆಯದು ಆರ್ಡರ್ ಶೀಟ್ ಓದಿದರೆ ಹತ್ತು ನಿಮಿಷದಲ್ಲಿ ಸರಿಹೋಗುವಂಥದ್ದು. ಎರಡನೆಯದು ಹತ್ತು ವರ್ಷ ಕಾಡಬಹುದು.

ಈಗ ಎಲ್ಲರ ಬಾಯಲ್ಲೂ ಓಡಾಡುವ 'ಇಂಪೋಸ್ಟರ್ ಸಿಂಡ್ರೋಮ್' ಇದೇ. 1978ರಲ್ಲಿ ಇದರ ಬಗ್ಗೆ ಮೊದಲು ಬರೆದ ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಇದನ್ನು ಸಿಂಡ್ರೋಮ್ ಎಂದು ಕರೆದಿರಲಿಲ್ಲ, ವಿದ್ಯಮಾನ ಎಂದಿದ್ದರು. ಕಾಯಿಲೆ ಎಂದುಬಿಟ್ಟರೆ ರೋಗಿಯ ಹೆಗಲಿಗೆ ಭಾರ ಹಾಕಿ ಉಳಿದವರೆಲ್ಲ ಕೈ ತೊಳೆದುಕೊಳ್ಳಬಹುದು. ಆದರೆ ವಕೀಲಿಕೆಯಲ್ಲಿ ಈ ಅಳುಕಿನ ಅರ್ಧ ಭಾಗ ವೃತ್ತಿಯ ರಚನೆಯಲ್ಲೇ ಇದೆ.

ವೈದ್ಯ ವಿದ್ಯಾರ್ಥಿಗೆ ಹೌಸ್ ಸರ್ಜನ್ ಆಗಿ ಒಂದು ವರ್ಷ ಕಡ್ಡಾಯ. ವಕೀಲರಿಗೂ ಸನ್ನದಿಗೆ ಮುಂಚೆ ತರಬೇತಿ ಇತ್ತು. 1973ರಲ್ಲಿ ವಕೀಲರ ಕಾಯ್ದೆಗೆ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಭಾರತೀಯ ವಕೀಲರ ಪರಿಷತ್ತು ನಿಯಮ ಮಾಡಿ ಮತ್ತೆ ತರಲು ನೋಡಿತು, 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿತು. ಹಾಗಾಗಿ ವಕಾಲತ್ತು ತುಂಬುವುದು ಹೇಗೆ, ಪಾಟೀಸವಾಲು ಎಲ್ಲಿಂದ ಶುರು ಮಾಡಬೇಕು ಎಂಬುದನ್ನೆಲ್ಲ ಕಕ್ಷಿದಾರರ ಎದುರಿಗೇ ಕಲಿಯಬೇಕು. ಕಲಿಸುವವರ ಮರ್ಜಿಯೂ ಬೇಕು. ಗೊತ್ತಿಲ್ಲ ಎಂಬ ಹೊಸ ವಕೀಲರ ಭಾವನೆ ಭ್ರಮೆಯಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ. ಭ್ರಮೆ ಇರುವುದು 'ಉಳಿದವರಿಗೆಲ್ಲ ಗೊತ್ತಿದೆ' ಎಂಬುದರಲ್ಲಿ.

ಅಳುಕು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನೂ ಹೇಳಬೇಕು. ಅಪ್ಪನ ಆಫೀಸಿನ ಕಪಾಟಿನಲ್ಲೇ ಕಾನೂನು ವರದಿಗಳನ್ನು ನೋಡುತ್ತ ಬೆಳೆದವನಿಗೂ ಮನೆಯಲ್ಲಿ ಮೊದಲ ವಕೀಲನಾದವನಿಗೂ ಹೋಲಿಕೆಯೇ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ಸೊಗಸಾಗಿ ವಾದಿಸುವವನು ಹೈಕೋರ್ಟಿನ ಧಾರವಾಡ ಪೀಠಕ್ಕೆ ಬಂದರೆ ಇಂಗ್ಲಿಷಿಗೆ ತಡವರಿಸುತ್ತಾನೆ. ಸಂವಿಧಾನದ 348ನೇ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷ್ ಎನ್ನುತ್ತದೆ. ಅವನಿಗೆ ಕಡಿಮೆ ಬಿದ್ದಿರುವುದು ಭಾಷೆ, ಕಾನೂನಲ್ಲ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು 2024ರಲ್ಲಿ ಪರಿಷತ್ತು ಹೇಳಿತು, ಬರೀ ಶಿಫಾರಸಾಗಿ. ಬಸ್ ಚಾರ್ಜಿಗೂ ಮನೆಯವರ ಮುಂದೆ ಕೈಚಾಚುವವನಿಗೆ ಆತ್ಮವಿಶ್ವಾಸದ ಉಪನ್ಯಾಸ ಕೊಡುವುದು ತಮಾಷೆ.

ಹಾಗಾದರೆ ಮಾಡುವುದೇನು? ಸಮಾಧಾನಕ್ಕೆ ಗಾಂಧೀಜಿಯವರ ಕಥೆ ಹೇಳುವುದು ವಾಡಿಕೆ. ಬಾಂಬೆಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ, 30 ರೂಪಾಯಿ ಫೀಸಿಗೆ ಒಪ್ಪಿಕೊಂಡು ಎದ್ದು ನಿಂತ ಆ ಬ್ಯಾರಿಸ್ಟರಿಗೆ ತಲೆ ತಿರುಗಿ, ಪಾಟೀಸವಾಲಿಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಫೀಸು ವಾಪಸು ತೆಗೆದುಕೊಳ್ಳಿ, ಬೇರೆಯವರನ್ನು ಹಿಡಿಯಿರಿ ಎಂದು ಹೊರಬಂದರು. ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಮುಂದಿನ ತುಣುಕು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಸಿಕ್ಕ ವ್ಯಾಜ್ಯ ಮುಖ್ಯವಾಗಿ ಲೆಕ್ಕಪತ್ರದ್ದು. ಅದರಲ್ಲಿ 'ಪಿ. ನೋಟ್' ಎಂದು ಬರುತ್ತಿತ್ತು. ಏನೆಂದು ತಿಳಿಯಲಿಲ್ಲ, ನಿಘಂಟಿನಲ್ಲೂ ಸಿಗಲಿಲ್ಲ. ಗುಮಾಸ್ತನ ಹತ್ತಿರ ಹೋಗಿ ಕೇಳಿದರು. ಪ್ರಾಮಿಸರಿ ನೋಟ್ ಎಂದು ಅವನು ಹೇಳಿದ. ಆಮೇಲೆ ಲೆಕ್ಕ ಬರೆಯುವ ವಿದ್ಯೆಯ ಪುಸ್ತಕ ತಂದು ಕುಳಿತು ಓದಿದರು. ಇಂಗ್ಲೆಂಡಿನಲ್ಲಿ ಓದಿದ ಬ್ಯಾರಿಸ್ಟರ್ ಗುಮಾಸ್ತನನ್ನು ಕೇಳಿದ್ದು ಸಣ್ಣ ಮಾತಲ್ಲ. ಇವತ್ತಿನ ಎಷ್ಟೋ ಆಫೀಸುಗಳಲ್ಲಿ ಜೂನಿಯರ್ ಅಂಥದ್ದೊಂದು ಪ್ರಶ್ನೆ ಕೇಳಿದರೆ 'ಕಾಲೇಜಿನಲ್ಲಿ ಏನು ಓದಿದೆ?' ಎಂಬುದೇ ಉತ್ತರ.

ಕೇಳುವುದಕ್ಕೆ ನಾಚಿಕೆ ಬೇಡ ಎಂದು ಕಿರಿಯರಿಗೆ ಹೇಳುವುದು ಸುಲಭ. ಆ ನಾಚಿಕೆ ಹೋಗಬೇಕಾದರೆ ಹಿರಿಯರು ತಮಗೆ ಗೊತ್ತಿಲ್ಲದ್ದನ್ನು ಜೂನಿಯರ್‌ಗಳ ಎದುರು ಹೇಳಿಕೊಳ್ಳಬೇಕು. ಅಂಥ ಒಂದು ಕಾಲ ಇತ್ತೀಚೆಗೆ ತಾನಾಗಿಯೇ ಬಂದಿತ್ತು. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದವು. ಕೊಲೆಯ ಸೆಕ್ಷನ್ 302 ಹೋಗಿ 103 ಬಂತು. ಇನ್ನೂ ಪೇಚಿನ ಸಂಗತಿ: ಸಿಆರ್‌ಪಿಸಿಯ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಎಫ್‌ಐಆರ್ ರದ್ದತಿಗೆ ಎಲ್ಲರೂ ಹಿಡಿಯುತ್ತಿದ್ದ ದಾರಿ. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನಿನದಾಯಿತು. ಮೂವತ್ತು ವರ್ಷ ನಾಲಿಗೆ ಮೇಲಿದ್ದ ನಂಬರು ಕೈಕೊಟ್ಟಿತು. ವಕೀಲರ ಸಂಘದ ಕ್ಯಾಂಟೀನಿನಲ್ಲಿ ನರೆತ ತಲೆಗಳು ಮೊಬೈಲಿನಲ್ಲಿ ಹಳೇ-ಹೊಸ ಸೆಕ್ಷನ್ನುಗಳ ಪಟ್ಟಿ ತೆರೆದು ಕುಳಿತಿದ್ದವು.

'420ಕ್ಕೆ ಈಗ ಯಾವುದಪ್ಪಾ?' ಎಂದು ಪಕ್ಕದ ಟೇಬಲ್ಲಿನಿಂದ ಹಿರಿಯರೊಬ್ಬರು ಕೂಗಿದರು. ಮೊನ್ನೆ ಮೊನ್ನೆ ಸನ್ನದು ಪಡೆದ ಹುಡುಗ ಕಾಫಿ ಲೋಟ ಕೆಳಗಿಟ್ಟು, '318, ಸರ್' ಅಂದ. ಅವರು ಅಂಗೈ ಮೇಲೆ ಬರೆದುಕೊಂಡರು.