ಆಡಿಟರ ಸಹಿಯೊಂದೇ ಸಾಲದು

ನಮ್ಮವರ ವಂತಿಗೆಯಿಂದ ಎದ್ದ ಟ್ರಸ್ಟ್ ಕಟ್ಟಡದ ಬಾಡಿಗೆ ಏನಾಯಿತೆಂದು ಮುಲುಂಡಿನ ಕಾರ್ಮಿಕನೊಬ್ಬನು ಸಭೆಯಲ್ಲಿ ಕೇಳಿದರೆ, “ಆಡಿಟರು ಸಹಿ ಹಾಕಿದ್ದಾರಲ್ಲ!” ಎಂದು ಬಾಯಿ ಮುಚ್ಚಿಸುವುದು ಸಲ್ಲದು. ಈಗ ಮಹಾರಾಷ್ಟ್ರದ ಹೆಸರು ಹೊತ್ತಿರುವ 1950ರ ಮುಂಬಯಿ ಪಬ್ಲಿಕ್ ಟ್ರಸ್ಟ್ ಕಾಯಿದೆಯು ಲೆಕ್ಕವಿಡುವ ಹೊಣೆಯನ್ನು ಟ್ರಸ್ಟಿಗಳ ಮೇಲೆಯೇ ಹೊರಿಸಿದೆ. ಪುಸ್ತಕ ಬರೆಯುವವನು ಮ್ಯಾನೇಜರನೆಂದು ಅವರು ಕೈತೊಳೆದುಕೊಳ್ಳುವಂತಿಲ್ಲ. ಅಕ್ರಮ ಖರ್ಚು, ವಸೂಲು ಮಾಡದ ಬಾಕಿ, ಪೋಲಾದ ಹಣ ಇವನ್ನು ಆಡಿಟರು 34ನೆಯ ಕಲಮಿನಂತೆ ವರದಿಯಲ್ಲಿ ಎತ್ತಿ ತೋರಿಸಿ ಚಾರಿಟಿ ಕಮಿಷನರ ಕಚೇರಿಗೆ ಕಳಿಸತಕ್ಕದ್ದು. ಆದರೆ ರಸೀದಿಯನ್ನೇ ಹರಿಯದೆ ಪಡೆದ ಬಾಡಿಗೆ ಅವರಿಗಾದರೂ ಹೇಗೆ ಕಂಡೀತು? ಗಲ್ಲಾಕ್ಕೆ ಬೀಳದ ಹಣ ರಾತ್ರಿಯ ಲೆಕ್ಕದಲ್ಲಿ ಸಿಗದೆಂಬುದು ಹೋಟೆಲಿನ ಹುಡುಗನಿಗೂ ಗೊತ್ತು. ಬಂಧುಗಳೇ, ಬರುವ ಸಭೆಯಲ್ಲಿ ಆಡಿಟರ ವರದಿಯನ್ನು ಪೂರ್ತಿ ಓದಿಸಿರಿ, ರಸೀದಿ ಪುಸ್ತಕಗಳನ್ನು ಮೇಜಿನ ಮೇಲೆ ಇಡಿಸಿರಿ. ಅನಂತರ ಮಂಜೂರಿಗೆ ಕೈಯೆತ್ತಿರಿ.