ಅಗುಳು ಬಿಡದವರು ಹಾದಿಯಲ್ಲಿ ಬಿಟ್ಟುದೇನು?

ಸದ್ಭಕ್ತ ಮಹಾಶಯರೇ, ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿ ಬಂಧುಗಳೇ,

ಪ್ರಸಾದವನ್ನು ಕೆಡಿಸಬಾರದೆಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ತಾಟಿನಲ್ಲಿ ಒಂದಗುಳೂ ಉಳಿಯದಂತೆ ಉಂಡು, ಅದರಲ್ಲಿಯೇ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು ಎದ್ದವರು ನೀವು. ಅಂಥ ನೀವೇ ಮಾಘಮಾಸದಲ್ಲಿ ಉಳವಿಯ ಜಾತ್ರೆಗೆ ಹೋಗಿ ಮರಳುವಾಗ ದಾಂಡೇಲಿಯಿಂದ ಜೋಯಿಡಾದ ಕಾಡಿನೊಳಗಿನವರೆಗೆ ಹಾದಿಯ ಇಕ್ಕೆಲಗಳಲ್ಲಿ ಬಿಟ್ಟು ಬರುವುದೇನು? ನೀರಿನ ಬಾಟಲಿ, ಚಹಾದ ಲೋಟ, ಅನ್ನ ಮೆತ್ತಿದ ಹೊಳೆಯುವ ತಟ್ಟೆ, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ. ಇದು ಯಾರೋ ಮೋಜಿಗಾಗಿ ಬಂದವರ ಕೆಲಸವೆಂದು ಜಾರಿಕೊಳ್ಳಬೇಡಿರಿ. ಪ್ರವಾಸಿಗರೂ ಎಸೆಯುತ್ತಾರೆ, ನಿಜ. ಆದರೆ ಹಣೆಯ ಮೇಲೆ ವಿಭೂತಿ ಧರಿಸಿ ಎಸೆದವರ ಲೆಕ್ಕವನ್ನು ನಾವೇ ಕೊಡಬೇಕಲ್ಲವೆ?

ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೂ ಅವರೊಡನಿದ್ದ ಶರಣರೂ ಆಶ್ರಯವನ್ನು ಅರಸಿ ಬಂದುದು ಈ ಅರಣ್ಯಕ್ಕೆ. ಅಕ್ಕನಾಗಮ್ಮನ ಗವಿ, ಹರಳಯ್ಯನ ಚಿಲುಮೆ ಎಂದು ನಾವು ಕೈಮುಗಿಯುವ ತಾಣಗಳು ಕಲ್ಲು, ನೀರು, ಕಾಡುಗಳಿಂದಾದವು. ಶರಣರಿಗೆ ಆಶ್ರಯವಿತ್ತ ಕಾಡಿಗೆ ನಾವು ಕೊಡುವ ಕಾಣಿಕೆ ಕಸವೆಂದಾದರೆ ನಮ್ಮ ಭಕ್ತಿಯ ಬೆಲೆಯೇನು? ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ದಾಂಡೇಲಿ ಅಭಯಾರಣ್ಯವನ್ನೂ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿ, 2015ರಲ್ಲಿ ಅದಕ್ಕೆ ಕಾಳಿಯ ಹೆಸರನ್ನಿಟ್ಟರು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲನ್ನು ಸೇರುವ ಆ ಹೊಳೆಯ ನೀರು ನಮ್ಮ ಪಾದೋದಕಕ್ಕೂ ಸಲ್ಲುವ ನೀರು.

ಎತ್ತುಗಳ ಮಾತನ್ನು ಇಲ್ಲಿ ಆಡಲೇಬೇಕು. ಧಾರವಾಡ, ಬೆಳಗಾವಿ ಸೀಮೆಗಳಿಂದ ಇಂದಿಗೂ ಚಕ್ಕಡಿ ಹೂಡಿಕೊಂಡು ಬರುವ ಭಕ್ತರಿದ್ದಾರೆ. ಅದು ನಮ್ಮ ಹೆಮ್ಮೆ. ಎತ್ತಿಗೆ ಜೂಲು ಹೊದಿಸಿ, ಕೋಡಿಗೆ ಗೊಂಡೆ ಕಟ್ಟಿ, ಬಸವಣ್ಣನೆಂದು ಕೈಮುಗಿಯುತ್ತೇವೆ. ಬೀಡುಬಿಟ್ಟಲ್ಲಿ ಕೊರಳು ಬಿಚ್ಚಿದಾಗ ಅದೇ ಎತ್ತು, ಉಪ್ಪು ಹುಳಿ ಹತ್ತಿದ ಪ್ಲಾಸ್ಟಿಕ್ ಚೀಲವನ್ನು ಅನ್ನದ ವಾಸನೆಗೆ ಮರುಳಾಗಿ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಅದು ಕರಗದು, ಮುಂದಕ್ಕೂ ಸಾಗದು. ಗಂಟಾಗಿ ನಿಂತು, ಮೇವು ಸೇರದೆ ಹೊಟ್ಟೆಯುಬ್ಬರ ಬಂದು ಪ್ರಾಣಿ ನರಳುತ್ತದೆ. ಹೊಟ್ಟೆ ಕೊಯ್ದು ತೆಗೆಯುವುದೇ ಉಳಿದ ಹಾದಿ. ಕಾಡಿನ ಜಿಂಕೆಗೆ ಕೊಯ್ದು ತೆಗೆಯುವ ವೈದ್ಯನೂ ಇಲ್ಲ.

ಇಷ್ಟು ಹೇಳುತ್ತಿರುವಾಗಲೇ ಕೆಲವರು ತಡೆದು ಕೇಳುವರು: ‘ಕಾಡನ್ನು ಕಡಿದವರು ನಾವೇ? ಹೊಳೆಗೆ ಕಾರ್ಖಾನೆಯ ನೀರು ಬಿಟ್ಟವರು ನಾವೇ? ನಮ್ಮ ಒಂದು ಲೋಟದಿಂದ ಆಗುವುದೇನು?’ ಪ್ರಶ್ನೆ ಹುಸಿಯಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಗೆ ಈ ಜಿಲ್ಲೆಯ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಂದಿತೆಂಬುದನ್ನು ಮಾಧವ ಗಾಡ್ಗೀಳರು ಬರೆದಿದ್ದಾರೆ. ಇಂಥ ಸೂರೆಯನ್ನು ಪ್ರಶ್ನಿಸಬೇಕು. 1983ರಲ್ಲಿ ಶಿರಸಿಯ ಬಳಿಯ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಪ್ರಶ್ನಿಸಿದರು ಕೂಡ. ಆದರೆ ಅವರು ಹಾಗೆ ಕೇಳಿದುದು ಕೈಯಲ್ಲಿ ತಾವೂ ಒಂದು ಕೊಡಲಿಯನ್ನು ಹಿಡಿದುಕೊಂಡಲ್ಲ. ದೊಡ್ಡವರ ತಪ್ಪನ್ನು ನಮ್ಮ ಸಣ್ಣ ತಪ್ಪಿಗೆ ರಕ್ಷಾಪತ್ರವಾಗಿ ಬಳಸುವ ಈ ಜಾಣತನ ಶರಣಮಾರ್ಗದ್ದಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ, ‘ಬಿಜ್ಜಳನ ಭಂಡಾರದಲ್ಲಿ ಎಷ್ಟಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದಳು.

ಜಾತ್ರೆಯದು ವರ್ಷಕ್ಕೊಮ್ಮೆ. ಮನೆಯದು ದಿನನಿತ್ಯದ್ದು. ಹಳಿಯಾಳ, ಮುಂಡಗೋಡಗಳ ಹಳ್ಳಿಗಳಲ್ಲಿ ಬಚ್ಚಲೊಲೆ ಹೊತ್ತಿಸಲು ಇಂದು ಕೈಗೆ ಮೊದಲು ಸಿಗುವುದು ಪ್ಲಾಸ್ಟಿಕ್ ಚೀಲ. ಥಟ್ಟನೆ ಉರಿಯುತ್ತದೆ, ದಿಟ. ಮಂದವಾದ ಉರಿಯಲ್ಲಿ ಸುಡುವ ಪ್ಲಾಸ್ಟಿಕ್ಕಿನ ಹೊಗೆ ವಿಷಯುಕ್ತವಾದುದು, ಪಿ.ವಿ.ಸಿ. ಜಾತಿಯದು ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕುಳಿತ ತಾಯಂದಿರು. ಪಾತ್ರೆ ತಿಕ್ಕಲು, ಕಾಯಿಪಲ್ಲೆಯ ಗಿಡಕ್ಕೆ ಎರಚಲು ಬರುತ್ತಿದ್ದ ಬೂದಿಯೂ ಕೆಟ್ಟಿತು. ತೆಂಗಿನ ಸಿಪ್ಪೆ, ಒಣ ಗರಿ, ಕುಳ್ಳುಗಳಿರುವ ಊರಿನಲ್ಲಿ ಈ ದುರ್ಗತಿ ಏಕೆ?

ಅಡಿಗೆಮನೆಯ ಸಿಪ್ಪೆ, ಪೂಜೆಯಲ್ಲಿ ಇಳಿಸಿದ ಹೂ ಪತ್ರೆಗಳು ಹೊಳೆಗೆ ಹೋಗಬೇಕಾದವಲ್ಲ. ಹಿತ್ತಲಲ್ಲಿ ಮೊಳಕಾಲುದ್ದದ ಗುಂಡಿ ತೋಡಿ, ಒಂದು ಪದರ ಹಸಿಕಸ, ಒಂದು ಪದರ ತರಗೆಲೆ, ಮೇಲೆ ಸಗಣಿಯ ಬಗ್ಗಡ ಹಾಕುತ್ತ ಬಂದರೆ ಕೆಲವು ತಿಂಗಳುಗಳಲ್ಲಿ ಗೊಬ್ಬರ. ಬಿಲ್ವದ ಬುಡದಿಂದ ಬಂದುದು ಬಿಲ್ವದ ಬುಡಕ್ಕೇ ಮರಳಲಿ. ಬಚ್ಚಲ ನೀರನ್ನು ಬೀದಿಗೆ ಬಿಟ್ಟು ಸೊಳ್ಳೆ ಸಾಕುವ ಬದಲು ಬಾಳೆಯ ಪಾತಿಗೆ, ಕೆಸುವಿನ ಗಡ್ಡೆಗೆ ತಿರುಗಿಸಿರಿ. ಹಳೆಯ ಬ್ಯಾಟರಿ ಸೆಲ್ಲು, ಒಡೆದ ಟ್ಯೂಬ್‌ಲೈಟುಗಳನ್ನು ಗೊಬ್ಬರದ ಗುಂಡಿಗೆ ಸೇರಿಸಲೇಬಾರದು. ಸಂತೆಗೆ ಹೋಗುವಾಗ ಕೈಚೀಲವಿರಲಿ. ಇದನ್ನು ಕೂಡ ಬರೆಯಬೇಕಾಗಿ ಬಂದುದಕ್ಕೆ ನಾಚಿಕೆಯೆನಿಸುತ್ತದೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರಕಾರವು 2016ರಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಯಿತು. ಕಾನೂನಿನ ಮೇಲೆ ಕಾನೂನು ಬಂದರೂ ನಮ್ಮ ಕೈ ಖಾಲಿಯಾಗಿಯೇ ಸಂತೆಗೆ ಹೋಗುತ್ತದೆ.

ಇನ್ನು ದಾಸೋಹ ನಡೆಸುವ ಮಹನೀಯರಿಗೆ ಒಂದು ಮಾತು. ‘ನಾವು ಪ್ಲಾಸ್ಟಿಕ್ ಬಿಟ್ಟೆವು, ಕಾಗದದ ತಟ್ಟೆ ತಂದೆವು’ ಎನ್ನುತ್ತೀರಿ. ಸಾರು ಸೋರದ ಆ ತಟ್ಟೆಗೂ ಚಹಾದ ಲೋಟಕ್ಕೂ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆಯಿರುತ್ತದೆ. ಕಾಗದ ಕೊಳೆತರೂ ಪೊರೆ ಉಳಿಯುತ್ತದೆ. ಮುತ್ತುಗದ ಎಲೆಯ ಪತ್ರಾವಳಿಗೆ ಈ ಸೀಮೆಯಲ್ಲಿ ಬರವೇ? ಅದನ್ನು ಹಚ್ಚಿ ಮಾರುವ ಬಡವರ ಕಾಯಕಕ್ಕೂ ಒಂದು ಆಸರೆಯಾಗುವುದಿಲ್ಲವೆ? ಸಾವಿರಾರು ತಾಟುಗಳನ್ನು ತೊಳೆಯುವವರಾರು ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಪ್ರಸಾದ ನಿಲಯದಲ್ಲಿ ತೊಳೆದವರಾರು? ಉಂಡವರೇ. ನೀರಿನ ತೊಟ್ಟಿಯ ಪಕ್ಕದಲ್ಲಿ ಒಂದು ಬುಟ್ಟಿ ಬೂದಿಯನ್ನಿಟ್ಟರೆ ಸಾಕು.

ಮುಂದಿನ ಮಾಘಕ್ಕೆ ಚಕ್ಕಡಿ ಹೂಡುವವರು, ಮೋಟಾರು ಏರುವವರು, ಬುತ್ತಿಯ ಗಂಟಿನೊಡನೆ ತಲೆಗೊಂದು ತಾಟು, ಒಂದು ಚರಗಿ, ಕಸ ತುಂಬಿ ಮರಳಿ ತರಲು ಒಂದು ಗೋಣಿಚೀಲವನ್ನು ಇಟ್ಟುಕೊಳ್ಳಿರಿ. ಜಾತ್ರೆ ಕೂಡುವುದು ತರಗೆಲೆ ಒಣಗಿ ನಿಂತ ಕಾಲದಲ್ಲಿ. ಆದುದರಿಂದ ಹಾದಿಯಲ್ಲಿ ಒಲೆ ಹೂಡಿದವರು ಹೊರಡುವ ಮುನ್ನ ನೀರು ಸುರಿದು, ಮೇಲೆ ಮಣ್ಣೆಳೆದು, ಬರಿಗೈಯಿಂದ ಮುಟ್ಟಿ ಬಿಸಿ ಆರಿದೆಯೆಂದು ನೋಡಿಯೇ ಎತ್ತಿನ ಕೊರಳು ಕಟ್ಟಬೇಕು.