ಸಾವಿನ ಮನೆಗೆ ಹೋದಾಗ



ನಮ್ಮ ಸಭೆಯ ತಂಗಿಯೊಬ್ಬಳ 10 ವರ್ಷದ ಮಗ ಜ್ವರ ಬಂದು ತೀರಿಕೊಂಡ. ಮಣ್ಣು ಮಾಡಿದ ಮಾರನೆಯ ದಿನ ನಾನು ಹೋಗಿ, "ಅಳಬೇಡಮ್ಮ, ಎಲ್ಲಾ ದೇವರ ಚಿತ್ತ. ಆತನಿಗೆ ಬೇಕಾಗಿತ್ತು, ಕರಕೊಂಡ" ಅಂದೆ. ದೊಡ್ಡ ಸಮಾಧಾನ ಹೇಳಿದೆನೆಂದೇ ನನ್ನ ಎಣಿಕೆ. ಅವಳು ತಲೆಯೆತ್ತಿ, "ಅಕ್ಕಾ, ನಿಮ್ಮ ಮಗ ಸ್ಕೂಲಿಂದ ಬಂದನಾ?" ಅಂತ ಕೇಳಿದಳು. ಅಷ್ಟೇ. ನನ್ನ ಬಾಯಿ ಕಟ್ಟಿಹೋಯಿತು.

ಅಂದು ರಾತ್ರಿ ಸತ್ಯವೇದ ತೆರೆದು ಯೋಬನ ಕಥೆ ಓದಿದೆ. ಒಂದೇ ದಿನ 10 ಮಕ್ಕಳನ್ನೂ ಕಳೆದುಕೊಂಡವನು ಯೋಬ. ಅವನನ್ನು ನೋಡಲು ಬಂದ ಮೂವರು ಸ್ನೇಹಿತರು 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ! ಬಾಯಿ ಬಿಟ್ಟ ಮೇಲೆ, ನಿನ್ನ ಪಾಪವೇ ಇದಕ್ಕೆ ಕಾರಣ ಎಂದು ವಾದಕ್ಕಿಳಿದರು. ಕೊನೆಗೆ ದೇವರ ಕೋಪ ಎರಗಿದ್ದು ಗೋಳಾಡಿದ ಯೋಬನ ಮೇಲಲ್ಲ, ಈ ಸ್ನೇಹಿತರ ಮೇಲೆ.

ಯೇಸುಸ್ವಾಮಿಯನ್ನೇ ನೋಡಿ. ಬೇಥಾನ್ಯದಲ್ಲಿ ಲಾಜರನನ್ನು ಬದುಕಿಸುವೆನೆಂದು ಗೊತ್ತಿದ್ದರೂ, ಅವನ ಸಹೋದರಿ ಮರಿಯಳು ಅಳುವುದನ್ನು ಕಂಡು ತಾನೂ ಅತ್ತನು. ನಂಬಿಕೆ ಇದ್ದವರು ಅಳಬಾರದು ಅನ್ನೋದು ಯಾರ ಮಾತೋ, ಆತನದಂತೂ ಅಲ್ಲ.

ಆದ್ದರಿಂದ ಸಾವಿನ ಮನೆಗೆ ಹೋದಾಗ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಮಾತು ತೋಚದಿದ್ದರೆ ಕೈ ಹಿಡಿದರೂ ಸಾಕು. "ಏನಾದ್ರೂ ಬೇಕಿದ್ರೆ ಹೇಳಿ" ಅಂದು ಬಂದುಬಿಡಬೇಡಿ, ದುಃಖದಲ್ಲಿರುವವರು ಕೇಳುವುದಿಲ್ಲ. ನೀವೇ ಒಂದು ಪಾತ್ರೆ ಗಂಜಿ ಒಯ್ಯಿರಿ, ನೀರು ಹಿಡಿದಿಡಿ, ಉಳಿದ ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿ. ಪ್ರಾರ್ಥನೆಯನ್ನು ಅವರನ್ನು ಕೇಳಿಕೊಂಡು, ಚಿಕ್ಕದಾಗಿ ಮಾಡಿ. ಪ್ರಾರ್ಥನೆಯ ನೆಪದಲ್ಲಿ ಬುದ್ಧಿ ಹೇಳಬೇಡಿ. ತೀರಿಕೊಂಡ ಮಗುವಿನ ಹೆಸರೆತ್ತಲು ಹೆದರಬೇಡಿ. ಹೆತ್ತವಳಿಗೆ ಆ ಹೆಸರು ಕೇಳುವ ಆಸೆ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ನೆಂಟರಿಷ್ಟರೆಲ್ಲ ಹೊರಟುಹೋದ ಮೇಲೆ ಮತ್ತೆ ಹೋಗಿ. ಮನೆ ನಿಜವಾಗಿ ಬಿಕೋ ಅನ್ನುವುದು ಆಗಲೇ.

ತಿಂಗಳು ಕಳೆದ ಮೇಲೆ ನಾನೂ ಹೋದೆ. "ಅವತ್ತು ಹಾಗೆ ಅನ್ನಬಾರದಿತ್ತು ಕಣಮ್ಮ" ಅಂದೆ. ಅವಳು ಏನೂ ಹೇಳಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿ ಮೊರವನ್ನು ನನ್ನ ಕಡೆಗೂ ಸರಿಸಿದಳು. ಇಬ್ಬರೂ ಬಿಡಿಸುತ್ತಾ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಅವರೆಕಾಳು ಸಾರು ಅಂದ್ರೆ ಅವನಿಗೆ ಪ್ರಾಣ ಅಕ್ಕಾ" ಅಂತ ಶುರುಮಾಡಿದಳು. ಸಂಜೆವರೆಗೂ ಮಗನ ಮಾತು ಹೇಳಿದಳು. ನಾನು ಕೇಳುತ್ತಾ ಕೂತಿದ್ದೆ.